ನಿಲ್ಲಿಸಿಟ್ಟ ದಬ್ಬೆ

ಕಳೆದ ತಿಂಗಳು ನನ್ನ ಸುತ್ತಿಗೆಯ ತಲೆ ಹಾರಿಹೋಗಿ ದೋಸೆಹಿಟ್ಟಿನ ಪಾತ್ರೆಯೊಳಗೆ ಬಿತ್ತು. ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆಯುವುದಿತ್ತು, ಅಷ್ಟೇ. ಎರಡು ಏಟು ಸರಿಯಾಗಿಯೇ ಬಿದ್ದವು. ಮೂರನೆಯದಕ್ಕೆ ನನ್ನ ಕೈಯಲ್ಲಿ ಬರೀ ಮರದ ಕಾವು ಉಳಿಯಿತು. ಕಬ್ಬಿಣದ ತಲೆ ನನ್ನ ಕಿವಿಯ ಪಕ್ಕದಲ್ಲೇ ಹಾದು, ನಮ್ಮನೆಯವಳು ಹುದುಗಲಿಕ್ಕೆ ಇಟ್ಟಿದ್ದ ಹಿಟ್ಟಿನಲ್ಲಿ ಗುಳುಕ್ಕನೆ ಮುಳುಗಿತು.

"ಇಷ್ಟು ವರ್ಷ ಆಚಾರಿಕೆ ಮಾಡಿದೋರ ಸುತ್ತಿಗೆ ನೋಡಿ ಇದು!" ಎಂದಳು ಅವಳು, ಮೊಣಕೈವರೆಗೆ ಹಿಟ್ಟಿನೊಳಗೆ ಕೈ ಹಾಕಿ ತಡಕುತ್ತಾ. "ಊರಿನವ್ರಿಗೆಲ್ಲ ಕಾವು ಹಾಕಿ ಕೊಟ್ರಿ. ನಿಮ್ದಕ್ಕೊಂದು ಹೊಸ ಕಾವು ಹಾಕ್ಬೇಕು ಅಂತ ಒಂದಿನಾನೂ ಅನ್ನಿಸ್ಲಿಲ್ವಾ?"

ಅನ್ನಿಸಿತ್ತು. ಹತ್ತಾರು ಸಲ ಅನ್ನಿಸಿತ್ತು. ಆದರೆ ಹೊಸ ಕಾವು ಹಾಕಬೇಕಾದರೆ ಹಳೆಯದನ್ನು ಬಿಚ್ಚಬೇಕು. ಬಿಚ್ಚಿದರೆ ಒಳಗಿನ ಬೆಣೆ ಹೊರಗೆ ಬರುತ್ತದೆ. ಬೆಣೆ ಗೊತ್ತಲ್ಲ? ತಲೆ ಅಲ್ಲಾಡದ ಹಾಗೆ ಕಾವಿನ ತುದಿಯನ್ನು ಸೀಳಿ ಬಡಿಯುವ ಚೂಪಾದ ಮರದ ಚೂರು. ಆ ಚೂರನ್ನು ನೋಡಲಿಕ್ಕೆ ನನಗೆ ಧೈರ್ಯವಿರಲಿಲ್ಲ. ಅದಕ್ಕೇ ಈ ಸುತ್ತಿಗೆಯನ್ನು ಯಾರ ಕೈಗೂ ಕೊಟ್ಟವನಲ್ಲ. ಜಿಪುಣ ಎಂಬ ಹೆಸರು ಬಂತು. ಬರಲಿ ಎಂದು ಸುಮ್ಮನಿದ್ದೆ. ನನಗೆ ಸಲ್ಲಬೇಕಾಗಿದ್ದ ಹೆಸರಿಗಿಂತ ಅದೇ ವಾಸಿಯಾಗಿತ್ತು.

ಬೆಣೆ ಒಲೆಕಟ್ಟೆಯ ಬುಡದಲ್ಲಿ ಬಿದ್ದಿತ್ತು. ಎತ್ತಿ ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಬೆರಳು ಉದ್ದ. ದಪ್ಪ ತುದಿಯ ಹತ್ತಿರ ಉಳಿಯಿಂದ ಒಂದರ ಮೇಲೊಂದು ಓರೆಯಾಗಿ ಗೀರಿದ ಕತ್ತರಿ ಗುರುತು ನಿನ್ನೆ ಗೀರಿದಷ್ಟು ಸ್ವಚ್ಛವಾಗಿತ್ತು.

ವಿಷಯಕ್ಕೆ ಬರುತ್ತೇನೆ, ಆದರೆ ಸ್ವಲ್ಪ ಸುತ್ತಿಕೊಂಡು ಬರುತ್ತೇನೆ. ನೇರವಾಗಿ ಬರುವ ಗುಣ ನನ್ನಲ್ಲಿ ಇದ್ದಿದ್ದರೆ ಇಷ್ಟು ವರ್ಷ ಹಿಡಿಯುತ್ತಿರಲಿಲ್ಲ.

ಎರಡು ಬೆರಳು ಎಂದರೆ ಎಷ್ಟು? ಯಾರ ಬೆರಳು? ಚಿಕ್ಕಂದಿನಿಂದ ನನಗೆ ಇದೊಂದು ಕುತೂಹಲ. ನಮ್ಮ ಅಜ್ಜಿಗೆ ಪಕ್ಕದ ಮನೆ ಕೂಗಳತೆ, ಅಂಗಡಿ ಒಂದು ಎಲೆಯಡಿಕೆ ಕವಳ ಜಗಿದು ಮುಗಿಯುವಷ್ಟು ದೂರ. ಅಂಗಡಿಯ ಹತ್ತಿರ ಬಂದರೂ ಕವಳ ಮುಗಿಯದಿದ್ದರೆ ಅಲ್ಲೇ ನಿಂತು ಜಗಿದು ಮುಗಿಸಿಯೇ ಒಳಗೆ ಹೋಗುತ್ತಿದ್ದಳು. ಅಮ್ಮ ಅನ್ನಕ್ಕೆ ನೀರು ಇಡುವಾಗ ಪಾತ್ರೆಯಲ್ಲಿ ತೋರುಬೆರಳು ಅದ್ದಿ, ಅಕ್ಕಿಯ ಮೇಲೆ ಒಂದು ಗೆಣ್ಣು ನೀರು ನಿಂತರೆ ಸಾಕು ಎನ್ನುತ್ತಿದ್ದಳು. "ಅತ್ತೆ ಬೆರಳು ಉದ್ದ ಅಲ್ವಾ ಅಮ್ಮ, ಅದಕ್ಕೇ ಅವ್ರ ಅನ್ನ ಮುದ್ದೆಯಾಗೋದಾ?" ಎಂದು ಅತ್ತೆಯ ಎದುರಿಗೇ ಕೇಳಿದ್ದೆ. ಅದಕ್ಕೆ ಸಿಕ್ಕಿದ ಉತ್ತರದಲ್ಲಿ ಐದು ಬೆರಳೂ ಇದ್ದವು.

ಶಾಲೆಯಲ್ಲಿ ನನ್ನ ಅಡಿಪಟ್ಟಿಯ ತುದಿಯನ್ನು ಇಲಿ ತಿಂದಿತ್ತೋ ನಾನೇ ತಿಂದಿದ್ದೆನೋ, ಸೊನ್ನೆ ಇರಬೇಕಾದ ಜಾಗವೇ ಇರಲಿಲ್ಲ. ನಾನು ಎಳೆದ ಗೆರೆಗಳೆಲ್ಲ ಒಂದು ಇಂಚು ಗಿಡ್ಡ. ಗಣಿತದ ಮೇಷ್ಟ್ರು ಪಟ್ಟಿಯನ್ನು ಎತ್ತಿ ತರಗತಿಗೆಲ್ಲ ತೋರಿಸಿ, "ಇವನ ಪ್ರಪಂಚ ಒಂದರಿಂದ ಶುರುವಾಗ್ತದೆ ನೋಡ್ರೋ" ಎಂದಿದ್ದರು. ಅಂಥವನು ಮುಂದೆ ಅಳತೆಗೇ ಹೆಸರಾದೆ ಎಂದರೆ ಆ ಮೇಷ್ಟ್ರು ನಂಬುತ್ತಿರಲಿಲ್ಲ. ನಂಬದಿದ್ದರೆ ಅದು ಸರಿಯೇ.

ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಅಲ್ಲಿ ಇಲ್ಲಿ ಕೈ ಆಡಿಸಿ, ಇಪ್ಪತ್ತೆರಡರ ಹೊತ್ತಿಗೆ ಸಾಗರದಲ್ಲಿ ಪುಟ್ಟಾಚಾರ್ರ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತೆ. ಬಾಗಿಲು, ಕಿಟಕಿ, ಮಂಚ ಮಾಡುವ ಶೆಡ್ಡು. ನಾಲ್ಕೈದು ಜನ ಕೆಲಸಗಾರರಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಇಂಚನ್ನು ಸೆಂಟಿಮೀಟರು ಮಾಡಲಿಕ್ಕೆ ಬರುತ್ತದೆ ಎಂಬ ಜಂಬ ಬೇರೆ.

ಪುಟ್ಟಾಚಾರ್ರು ಮಾತಿನ ಮನುಷ್ಯ. ನಾನು ಟೇಪು ಹಿಡಿದು ಯೋಚಿಸುತ್ತಾ ನಿಂತರೆ, "ಏನೋ ವೆಂಕ್ಟೇಶ, ಅಳೀತಾ ಇದೀಯೋ, ಅಳ್ತಾ ಇದೀಯೋ?" ಎಂದು ಕೇಳುತ್ತಿದ್ದರು. ದಿನಕ್ಕೆ ನಾಲ್ಕು ಸಲ ಕೇಳಿ, ನಾಲ್ಕು ಸಲವೂ ತಾವೇ ಮೊದಲು ನಗುತ್ತಿದ್ದರು. ಯಾರಾದರೂ ಕೆಲಸ ಬಿಡುತ್ತೇನೆಂದರೆ, "ಕೈಯಾಗೆ ಉಳಿ ಕೊಟ್ಟೀನಿ. ಉಳಿ ಅಂತ ಅದ್ರ ಹೆಸ್ರೇ ಹೇಳ್ತದೆ. ಹೋಗ್ತೀನಿ ಅಂತೀಯಲ್ಲ!" ಎನ್ನುತ್ತಿದ್ದರು. ಮಾತು ನಿಲ್ಲಿಸದ ಒಬ್ಬನಿಗೆ ಬೈರಿಗೆ ಎಂದು ಹೆಸರಿಟ್ಟಿದ್ದರು. ಬೆಳಗಿನಿಂದ ಸಂಜೆವರೆಗೆ ಕೊರೆಯುತ್ತಾನೆ ಎಂದು.

ಸುಬ್ರಾಯಣ್ಣ ಮಾತ್ರ ನಗುತ್ತಿದ್ದುದು ಕಡಿಮೆ. ತೀರ್ಥಹಳ್ಳಿ ಕಡೆಯವರು, ನನಗಿಂತ ಹದಿಮೂರು ವರ್ಷ ದೊಡ್ಡವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾವು ಕೆಲಸ ಬಿಟ್ಟು ಹರಟುತ್ತಿದ್ದರೆ, "ಗರಗಸಕ್ಕೆ ಹಲ್ಲು ಮಾತ್ರ ಇರೋದು ಮಾರಾಯ, ನಾಲಿಗೆ ಇಲ್ಲ. ಅದ್ಕೇ ಅದು ಕೆಲ್ಸ ಮಾಡ್ತದೆ" ಎಂದು ಒಂದು ಮಾತು ಎಸೆದು ತಮ್ಮ ಪಾಡಿಗೆ ಇರುತ್ತಿದ್ದರು. ಆದರೆ ಶೆಡ್ಡಿನ ಹೆಸರೆಲ್ಲ ಅವರ ಅಳತೆಯ ಮೇಲೆ ನಿಂತಿತ್ತು. ಅವರು ಟೇಪು ಮುಟ್ಟುತ್ತಿರಲಿಲ್ಲ. ಅಡಿಕೆಮರ ಸೀಳಿದ ಒಂದು ದಬ್ಬೆ ಹಿಡಿದು ಹೋಗಿ, ಬಾಗಿಲಿಗೋ ಕಿಟಕಿಗೋ ಆನಿಸಿ, ಉಸಿರು ಬಿಗಿಹಿಡಿದು ಸರಿಯಾಗಿ ಅಷ್ಟೇ ಉದ್ದಕ್ಕೆ ಕೊಯ್ದುಕೊಂಡು ಬರುತ್ತಿದ್ದರು. ಅಗಲಕ್ಕೆ, ಬುಡದಿಂದ ಹಿಡಿದು ನಡುವೆ ಒಂದು ಗೀರು. ಮೇಲಿನ ತುದಿಗೆ ಕತ್ತರಿ ಗುರುತು. ಅದೇ ಅಳತೆ ಕೋಲು. ನಾನು ಟೇಪಿನ ಹೆಚ್ಚುಗಾರಿಕೆ ಹೇಳಲು ಹೋದಾಗ ಅವರು ಅಂದದ್ದು ನೆನಪಿದೆ: "ಟೇಪಿನಾಗೆ ಎಷ್ಟುದ್ದ ಅಂತ ಬರ್ದಿರ್ತದೆ ತಮ್ಮಾ. ಕೋಲಿನಾಗೆ ಆ ಉದ್ದನೇ ಇರ್ತದೆ."

ಬಸ್ಸಿನಲ್ಲಿ ಆ ಕೋಲನ್ನು ಮಗುವಿನ ಹಾಗೆ ತೋಳಿಗೆ ಒರಗಿಸಿಕೊಂಡು ಬರುತ್ತಿದ್ದರು. "ಅದಕ್ಕೂ ಒಂದು ಟಿಕೆಟ್ ತಗಳಿ ಆಚಾರ್ರೆ, ನಿಮಗಿಂತ ಉದ್ದ ಇದೆ" ಎಂದು ಕಂಡಕ್ಟರ್ ಛೇಡಿಸುತ್ತಿದ್ದ.

ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಮೂಲೆಯಲ್ಲಿ ನಿಲ್ಲಿಸಿಟ್ಟ ದಬ್ಬೆ ಅಳತೆ, ನೆಲದ ಮೇಲೆ ಮಲಗಿಸಿದ ದಬ್ಬೆ ಸೌದೆ. ನಿಂತದ್ದನ್ನು ಮುಟ್ಟಬಾರದು. ಕೆಲಸ ಮುಗಿದ ಮೇಲೆ ಸುಬ್ರಾಯಣ್ಣನೇ ಅದನ್ನು ಮಲಗಿಸುತ್ತಿದ್ದರು. ಆಮೇಲೆ ಅದು ಅಂಟು ಕಾಯಿಸುವ ಒಲೆಗೆ. ಇಷ್ಟು ಸಣ್ಣ ಕಟ್ಟಳೆಯನ್ನು ಮೀರಲಿಕ್ಕೆ ಎಂಥ ದೊಡ್ಡ ಕಾರಣ ಬೇಕು ಹೇಳಿ? ನನಗೆ ಬಗ್ಗಲಿಕ್ಕೆ ಸೋಮಾರಿತನ, ಅಷ್ಟೇ.

ಹೊಸನಗರದ ಹತ್ತಿರ ಒಂದು ಊರಿನ ದೇವಸ್ಥಾನಕ್ಕೆ ಹೊಸ ಬಾಗಿಲು ಆಗಬೇಕಿತ್ತು. ಚೌಕಟ್ಟು ಹಳೆಯ ಕಲ್ಲಿನದು, ಕದ ಮಾತ್ರ ನಮ್ಮದು. ಸುಬ್ರಾಯಣ್ಣ ಹೋಗಿ ಅಳತೆ ಕೋಲು ತಂದರು. ಬರುವಾಗಲೇ ಮೈ ಸುಡುತ್ತಿತ್ತು. ಕೋಲನ್ನು ಮೂಲೆಯಲ್ಲಿ ನಿಲ್ಲಿಸಿ, "ದೇವಸ್ಥಾನದ್ದು ಇಲ್ಲಿಟ್ಟೀನಿ ಆಚಾರ್ರೆ" ಎಂದು ಹೇಳಿ ಬಾಡಿಗೆ ಕೋಣೆಗೆ ಹೋಗಿ ಮಲಗಿದರು. ನಾನು ಆಗ ಶೆಡ್ಡಿನಲ್ಲಿ ಇರಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಸುತ್ತಿಗೆ ಸಡಿಲವಾಗಿತ್ತು. ಒಂದು ಬೆಣೆ ಬೇಕು. ಅಡಿಕೆ ದಬ್ಬೆಯಷ್ಟು ಗಟ್ಟಿ ಬೆಣೆ ಇನ್ನೊಂದಿಲ್ಲ. ಕಾಲ ಬುಡದಲ್ಲಿ ಸೌದೆಯ ದಬ್ಬೆಗಳು ಬಿದ್ದಿದ್ದವು, ಬಗ್ಗಬೇಕಿತ್ತು. ಕೈಗೆ ಸಿಗುವಂತೆ ಮೂಲೆಯಲ್ಲಿ ಮೂರ್ನಾಲ್ಕು ನಿಂತಿದ್ದವು. ಮುಗಿದ ಕೆಲಸದ್ದು ಯಾವುದೋ ಒಂದು ಇರಬೇಕು, ಮಲಗಿಸಲು ಮರೆತಿದ್ದಾರೆ ಎಂದುಕೊಂಡೆ. ಒಂದನ್ನು ಎಳೆದು, ತುದಿಯಿಂದ ಎರಡು ಬೆರಳು ಕೊಯ್ದು, ಮತ್ತೆ ಅಲ್ಲೇ ನಿಲ್ಲಿಸಿದೆ. ಚೂರಿನ ಒಂದು ಕಡೆಯನ್ನು ಚೂಪು ಮಾಡಿ ಸುತ್ತಿಗೆಗೆ ಬಡಿದೆ. ಬಡಿಯುವಾಗ ಕತ್ತರಿ ಗುರುತು ಕಣ್ಣಿಗೆ ಬಿದ್ದಿತ್ತು. ಬಿದ್ದಿರಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಎರಡು ದಿನ ಕಳೆದು ಪುಟ್ಟಾಚಾರ್ರು ಮೂಲೆಯಿಂದ ಒಂದು ಕೋಲು ತೆಗೆದು ನನ್ನ ಕೈಗಿತ್ತರು. "ಸುಬ್ರಾಯಂಗೆ ಜ್ವರ ಇಳ್ದಿಲ್ಲ. ದೇವಸ್ಥಾನದ ಕದ ನೀನೇ ಕೊಯ್ಯಿ. ಇದ್ರ ಪ್ರಕಾರ." ಹೊಸ ದಬ್ಬೆಯ ಎರಡು ತುದಿಯೂ ಹೊಸದಾಗಿ ಕೊಯ್ದಂತೆಯೇ ಇರುತ್ತವೆ. ಕತ್ತರಿ ಗುರುತು ಇಲ್ಲವಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಜ್ವರದಲ್ಲಿ ಮರೆತಿರಬೇಕು ಎಂದುಕೊಂಡೆ. ಅಂತೂ ಸರಿಯಾಗಿ ಆ ಕೋಲಿನಷ್ಟೇ ಕೊಯ್ದೆ. ನನ್ನ ಜೀವಮಾನದಲ್ಲಿ ಅಷ್ಟು ಎಚ್ಚರದಿಂದ ಅಳೆದು ಇನ್ನೊಂದು ಕೆಲಸ ಮಾಡಿಲ್ಲ. ಕೂದಲೆಳೆಯೂ ಹೆಚ್ಚುಕಮ್ಮಿ ಇರಲಿಲ್ಲ.

ಹಲಸಿನ ಕದ. ಹೊಸನಗರಕ್ಕೆ ಸಾಗಿಸಿ, ಜನ ಸುತ್ತ ನಿಂತಿರುವಾಗ ಕಲ್ಲಿನ ಚೌಕಟ್ಟಿಗೆ ಕೂರಿಸಿದೆವು. ಕದ ಮುಚ್ಚಿದರೂ ಮೇಲುಗಡೆ ಬೆಳಕಿನ ಒಂದು ಪಟ್ಟಿ ಉಳಿಯಿತು.

"ಇದೆಂತ ಆಚಾರ್ರೆ?" ಎಂದರು ದೇವಸ್ಥಾನದ ಹಿರಿಯರೊಬ್ಬರು. "ಹೊರಗೆ ಯಾರು ಬಂದ್ರು ಅಂತ ದೇವ್ರು ಇಣುಕಿ ನೋಡ್ಲಿ ಅಂತ ಬಿಟ್ರಾ?"

ಎಲ್ಲರೂ ನಕ್ಕರು. ಪುಟ್ಟಾಚಾರ್ರು ಒಬ್ಬರೇ ನಗಲಿಲ್ಲ. ಆಮೇಲೆ ಮೆಲ್ಲಗೆ, "ಸುಬ್ರಾಯನ ಕೋಲು ಸುಳ್ಳು ಹೇಳ್ತಾ?" ಎಂದರು.

ನಾನು ಏಣಿ ಹತ್ತಿ ಆ ಸಂದಿಗೆ ಬೆರಳು ತೂರಿಸಿದೆ. ಎರಡು ಬೆರಳು, ಸರಿಯಾಗಿ. ಕೆಳಗಿಳಿಯುವಾಗ ಸೊಂಟಕ್ಕೆ ಸಿಕ್ಕಿಸಿದ್ದ ಸುತ್ತಿಗೆ ತೊಡೆಗೆ ಬಡಿಯಿತು. ಆಗ ನನಗೆ ಎಲ್ಲ ತಿಳಿಯಿತು. ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಂತು ಬಾಯಿ ತೆರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾಲ್ಕು ಬೈಗುಳ, ಎರಡು ದಿನ ನಗೆ. ನಾನು ಇಳಿದೆ, ಸುಮ್ಮನೆ ನಿಂತೆ.

ಇಲ್ಲಿಯವರೆಗೆ ಹೇಳಿದ್ದು ತಪ್ಪು. ಮುಂದಿನದು ಪಾಪ.

ಮರುದಿನ ಸುಬ್ರಾಯಣ್ಣ ಕೆಲಸಕ್ಕೆ ಬರುತ್ತಾರೆ ಎಂದು ಗೊತ್ತಾಯಿತು. ಕೋಲು ಮೂಲೆಯಲ್ಲಿ ನಿಂತಿತ್ತು. ಅವರು ಅದನ್ನು ಒಂದು ಸಲ ಕೈಯಲ್ಲಿ ಹಿಡಿದರೆ ಸಾಕು, ತುದಿ ಹೋಗಿದೆ ಎಂದು ಕಣ್ಣು ಮುಚ್ಚಿಯೂ ಹೇಳುತ್ತಿದ್ದರು. ಎಲ್ಲರಿಗಿಂತ ಮೊದಲು ಶೆಡ್ಡಿಗೆ ಹೋದೆ. ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದು ಅಂಟಿನ ಒಲೆಗೆ ತುರುಕಿದೆ. ಅಡಿಕೆ ದಬ್ಬೆ ಚೆನ್ನಾಗಿ ಉರಿಯುತ್ತದೆ. ಅಂಟು ಅವತ್ತು ಬೇಗ ಕಾಯಿತು.

ಸುಬ್ರಾಯಣ್ಣ ಕಂಬಳಿ ಹೊದ್ದುಕೊಂಡೇ ಬಂದರು. ಯಾರ ಮುಖವನ್ನೂ ನೋಡದೆ ಮೂಲೆಗೆ ಹೋದರು. "ನನ್ನ ಕೋಲೆಲ್ಲಿ?"

"ಕದ ಆದ್ಮೇಲೆ ಕೋಲೆಂತಕ್ಕೆ, ಒಲೆಗೆ ಹೋಗಿರ್ತದೆ" ಎಂದರು ಪುಟ್ಟಾಚಾರ್ರು, ಬೇಸರದಲ್ಲಿ.

"ನಾನು ಮಲಗ್ಸಿರ್ಲಿಲ್ಲ. ನೀನು ನೋಡಿದ್ಯಾ ತಮ್ಮಾ?"

"ಇಲ್ಲ ಸುಬ್ರಾಯಣ್ಣ" ಎಂದೆ.

ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. "ಜ್ವರ ಇತ್ತು" ಎಂದರು. "ಹಂಗಾರೆ ಕೈ ತಪ್ಪಿರ್ಬೇಕು." ಅದನ್ನು ನಮಗೆ ಹೇಳಲಿಲ್ಲ, ಕೈಗೆ ಹೇಳಿಕೊಂಡರು.

ಅವರೇ ಹೋಗಿ ಕದದ ಮೇಲ್ತುದಿಗೆ ಪಟ್ಟಿ ಕೂರಿಸಿ ಬಂದರು. ಅದಾದ ಮೇಲೆ ಅಳತೆ ಕೆಲಸ ನನಗೆ ಬಂತು. ಅವರಿಗೆ 'ಎರಡು ಬೆರಳು' ಎಂದು ಹೆಸರಾಯಿತು. ಆ ಬೈರಿಗೆ ಇಟ್ಟ ಹೆಸರು, ಸಾಗರದ ಪೇಟೆಯವರೆಗೂ ಹೋಯಿತು. ಗೊತ್ತಿಲ್ಲದವರು ಅವರ ಕೈಯಲ್ಲಿ ಎಷ್ಟು ಬೆರಳಿವೆ ಎಂದು ಎಣಿಸಿ ನೋಡುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಪೆಟ್ಟಿಗೆ ಕಟ್ಟಿಕೊಂಡು ತೀರ್ಥಹಳ್ಳಿಗೆ ಹೊರಟುಹೋದರು. ಅಲ್ಲಿ ಬಾಗಿಲು ಕಿಟಕಿ ಮಾಡುವುದಿಲ್ಲವಂತೆ, ಬರೀ ಸೌಟು, ಲಟ್ಟಣಿಗೆ, ಕಡೆಗೋಲು ಮಾಡುತ್ತಾರಂತೆ ಎಂದು ಯಾರೋ ಹೇಳಿದರು. ಅವೆಲ್ಲ ಇನ್ನೊಂದಕ್ಕೆ ಹೊಂದಿಕೊಳ್ಳಬೇಕಾಗಿಲ್ಲದ ಸಾಮಾನುಗಳು. ಸೌಟು ಎರಡು ಬೆರಳು ಗಿಡ್ಡವಾದರೆ ಯಾರು ಕೇಳುತ್ತಾರೆ?

ನನಗೋ, ನೂಲು ತಪ್ಪದ ವೆಂಕಟೇಶ ಎಂದು ಹೆಸರು. ನೂಲು ಎಂದರೆ ನಮ್ಮಲ್ಲಿ ಇಂಚಿನ ಎಂಟನೆಯ ಒಂದು ಪಾಲು. ಕಾರ್ಗಲ್ಲಿನ ಕರೆಂಟು ಕಂಪನಿ ಕ್ವಾರ್ಟರ್ಸಿನವರು ಕೂಡ ಕಿಟಕಿಗೆ ನನ್ನನ್ನೇ ಕರೆಸುತ್ತಿದ್ದರು. ಪ್ರತಿಯೊಂದನ್ನೂ ಮೂರು ಸಲ ಅಳೆಯುತ್ತಿದ್ದೆ. ನೋಡಿದವರು ಅದನ್ನು ಶ್ರದ್ಧೆ ಎಂದರು. ಅದು ಹೆದರಿಕೆ.

ಇಷ್ಟನ್ನು ಹಿಟ್ಟಿನ ಕೈ ತೊಳೆದುಕೊಳ್ಳುತ್ತಿದ್ದ ನಮ್ಮನೆಯವಳಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅವ್ರು ಇದ್ದಾರಾ ಇನ್ನೂ?"

ಇದ್ದರು. ವಿಚಾರಿಸಿದಾಗ ಗೊತ್ತಾಯಿತು, ಎಂಬತ್ತು ದಾಟಿದೆ, ಕಿವಿ ಕಣ್ಣು ಸರಿ ಇದೆ ಎಂದು.

ಬೆಣೆಯನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು ಬಸ್ಸು ಹತ್ತಿದೆ. ದಾರಿಯಲ್ಲಿ ಹೊಸನಗರದಲ್ಲಿ ಇಳಿದು, ಆಟೋ ಮಾಡಿಕೊಂಡು ಆ ದೇವಸ್ಥಾನಕ್ಕೆ ಹೋದೆ. ತಪ್ಪೊಪ್ಪಿಗೆಗೆ ಹೊರಟವನಿಗೆ ಇದೆಲ್ಲ ಎಂತಕ್ಕೆ ಎಂದು ನೀವು ಕೇಳಬಹುದು. ಕುತೂಹಲ, ಮತ್ತೇನಿಲ್ಲ. ಸುಬ್ರಾಯಣ್ಣನ ಮುಖ ನೋಡುವುದು ಅಷ್ಟೊತ್ತು ಮುಂದೆ ಹೋಗುತ್ತದಲ್ಲ ಎಂಬ ಸಮಾಧಾನವೂ ಇತ್ತೆನ್ನಿ. ಕದ ಹಾಗೆಯೇ ಇತ್ತು. ಅಲ್ಲಿದ್ದ ಭಟ್ಟರನ್ನು, "ಮೇಲೆ ಒಂದು ಪಟ್ಟಿ ಸೇರಿಸಿದ್ದಾರಲ್ಲ, ಅದು ಎಲ್ಲಿ?" ಎಂದು ಕೇಳಿದೆ.

"ಪಟ್ಟಿಯಾ? ಎಂತ ಪಟ್ಟಿ? ನಾನು ದಿನಾ ತೆಗ್ದು ಹಾಕೋ ಬಾಗ್ಲು ಇದು" ಎಂದರು ಅವರು.

ಕುರ್ಚಿ ಕೇಳಿ ತರಿಸಿಕೊಂಡು, ಹತ್ತಿ, ಬೆರಳಾಡಿಸಿ ಹುಡುಕಿದೆ. ಕದದ ಎಳೆಗೆ ಎಳೆ ಸೇರಿಸಿ ಕೂರಿಸಿದ್ದರು. ಬೆರಳಿಗೆ ಸಿಗಲಿಲ್ಲ, ಉಗುರಿಗೆ ಸಿಕ್ಕಿತು. ಬೆಣೆ ತೆಗೆದು ಪಟ್ಟಿಯ ಅಗಲಕ್ಕೆ ಹಿಡಿದೆ. ಎರಡೂ ಒಂದೇ. ಜ್ವರ ಬಿಟ್ಟು ನಾಲ್ಕು ದಿನವಾಗದ ಕೈ ಮಾಡಿದ ಕೆಲಸ ಅದು. ಆ ಕೈಯನ್ನೇ ಅದರ ಯಜಮಾನ ನಂಬದ ಹಾಗೆ ಮಾಡಿದ್ದೆ ನಾನು.

ತೀರ್ಥಹಳ್ಳಿ ತಲುಪುವಾಗ ಮಧ್ಯಾಹ್ನ ದಾಟಿತ್ತು. ಸುಬ್ರಾಯಣ್ಣನ ಸೊಸೆ ಸುಮಿತ್ರಾ ಬಾಗಿಲಲ್ಲಿ ಸಿಕ್ಕಿದಳು. ಜಗಲಿಯ ಮೇಲೆ ಅವರು ಸೌಟಿನ ಬಟ್ಟಲು ಕೆತ್ತುತ್ತಾ ಕೂತಿದ್ದರು.

"ಯಾರು, ವೆಂಕ್ಟೇಶನಾ? ಅಯ್ಯೋ, ಮುದ್ಕ ಆಗಿಬಿಟ್ಯಲ್ಲೋ! ಬಾ, ಕೂತ್ಕ. ಸುಮಿತ್ರಾ, ಚಾ ಇಡು. ಸಾಗರದಾಗೆ ನಿಂಗೆ ಭಾರಿ ಹೆಸ್ರಂತೆ, ಕೇಳೀನಿ."

ಕೂರಲಿಲ್ಲ. ಕೂತರೆ ಹೇಳಲಾರೆ ಎಂದು ಗೊತ್ತಿತ್ತು. ಕರವಸ್ತ್ರ ಬಿಚ್ಚಿ ಬೆಣೆಯನ್ನು ಅವರ ಅಂಗೈಗೆ ಇಟ್ಟೆ. ದೇವಸ್ಥಾನದ ಕೋಲಿನ ತುದಿ ಎಂದೆ. ಸುತ್ತಿಗೆಗೆ ಬೆಣೆ ಬೇಕಿತ್ತು, ನಿಂತ ದಬ್ಬೆಯನ್ನೇ ಕೊಯ್ದೆ ಎಂದೆ.

ಅವರು ಗುರುತಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಅವರ ಹೊಟ್ಟೆ ಅಲ್ಲಾಡತೊಡಗಿತು. ನಗುತ್ತಿದ್ದರು!

"ಬೆಣೆನಾ! ಥೂ ನಿನ್ನ ಮನೆ ಹಾಳಾಗ, ಬೆಣೆನಾ ಮಾರಾಯ! ನಾನು ಇಷ್ಟು ವರ್ಷ ಎಲ್ಲಿ ತಪ್ಪಿದ್ನೋ, ಹೆಂಗೆ ತಪ್ಪಿದ್ನೋ ಅಂತ..." ಕಣ್ಣು ಒರೆಸಿಕೊಂಡರು. "ಹಂಗಾರೆ ನನ್ನ ಕೋಲು ಸರಿ ಇತ್ತು."

"ಸರಿ ಇತ್ತು ಸುಬ್ರಾಯಣ್ಣ."

"ಹೋಗ್ಲಿ ಬಿಡು. ಗೊತ್ತಿಲ್ದೆ ಮಾಡಿದ್ದು. ನಿನ್ನದೆಂತ ತಪ್ಪು? ಅವತ್ತು ಆ ಕೋಲು ಕೈಗೆ ಸಿಕ್ಕಿದ್ರೆ ನಂಗೆ ಆಗ್ಲೇ ತಿಳೀತಿತ್ತು. ಯಾವನೋ ಪುಣ್ಯಾತ್ಮ ಒಲೆಗೆ ಹಾಕ್ಬಿಟ್ಟಿದ್ದ."

ಚಾ ಬಂತು. ಲೋಟ ಬಿಸಿಯಾಗಿತ್ತು. ಕ್ಷಮೆ ಸಿಕ್ಕಿಯಾಗಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಸಂಜೆಯ ಬಸ್ಸು ಹಿಡಿಯಬಹುದಿತ್ತು. ಸುಳ್ಳು ಹೇಳುವುದಿಲ್ಲ, ಹಾಗೆ ಮಾಡಿಬಿಡೋಣ ಎಂದು ಅನ್ನಿಸಿತು. ಅರ್ಧ ಲೋಟ ಚಾ ಕುಡಿಯುವವರೆಗೂ ಅನ್ನಿಸಿತು.

"ಒಲೆಗೆ ಹಾಕಿದ್ದು ನಾನೇ" ಎಂದೆ. "ನೀವು ಬರೋದ್ರೊಳಗೆ ಮುರಿದು ಹಾಕಿದೆ. ಗೊತ್ತಿದ್ದೇ ಹಾಕಿದೆ."

ನಗು ನಿಂತಿತು. ಅವರು ನನ್ನ ಮುಖವನ್ನು ನೋಡಲಿಲ್ಲ, ತಮ್ಮ ಅಂಗೈಯನ್ನು ನೋಡಿದರು. ಅಂದು ಶೆಡ್ಡಿನಲ್ಲಿ ನೋಡಿದ ಹಾಗೆಯೇ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಎದ್ದು ಜಗಲಿಯ ಕೊನೆಗೆ ಹೋದರು. ಅಲ್ಲಿ ಬಿದ್ದಿದ್ದ ಸೌದೆಯ ರಾಶಿಯಿಂದ ಬಗ್ಗಿ ಒಂದು ಅಡಿಕೆ ದಬ್ಬೆ ಎತ್ತಿಕೊಂಡರು. ಆ ವಯಸ್ಸಿನಲ್ಲೂ ಬಗ್ಗಿದರು, ನೋಡಿ.

"ಕಂಬಕ್ಕೆ ಒರಗಿ ನಿಂತ್ಕ" ಎಂದರು.

ನಿಂತೆ. ದಬ್ಬೆಯನ್ನು ನನ್ನ ಹಿಮ್ಮಡಿಯ ಪಕ್ಕ ಊರಿ, ನೆತ್ತಿಯ ಮೇಲೆ ಅಂಗೈ ಅಡ್ಡ ಇಟ್ಟರು. ಅವರ ಉಸಿರು ನಿಂತದ್ದು ನನಗೆ ಕೇಳಿಸಿತು. ಹೆಬ್ಬೆರಳ ಉಗುರಿನಿಂದ ಗುರುತು ಮಾಡಿ, ಕೂತು, ಗರಗಸದಿಂದ ಕೊಯ್ದರು. ಉಳಿ ತೆಗೆದು ತುದಿಗೆ ಕತ್ತರಿ ಗುರುತು ಗೀರಿದರು.

"ಇದು ಎಂತಕ್ಕೆ ಸುಬ್ರಾಯಣ್ಣ?"

"ನಿನ್ನ ಚಟ್ಟಕ್ಕೆ. ಟೇಪು ಇದ್ಯಲ್ಲ, ಅಳ್ದು ನೋಡ್ಕ."

ಟೇಪು ಇಲ್ಲದೆ ನಾನು ಮನೆಯಿಂದ ಹೊರಬೀಳುವುದಿಲ್ಲ. ಮೊದಲು ದಬ್ಬೆ ಅಳೆದೆ. ಐದು ಅಡಿ ನಾಲ್ಕು ಇಂಚು, ಮೂರು ನೂಲು. ಸುಮಿತ್ರಾಳನ್ನು ಕರೆದು, ಟೇಪಿನ ತುದಿ ಹಿಡಿಸಿ, ಕಂಬಕ್ಕೆ ಒರಗಿ ನನ್ನನ್ನೂ ಅಳೆಸಿಕೊಂಡೆ. ಮೂರು ಸಲ.

"ಸರಿ ಇದೆ" ಎಂದೆ. "ಒಂದು ನೂಲೂ ತಪ್ಪಿಲ್ಲ."

"ಗೊತ್ತು" ಎಂದರು ಅವರು. ನನ್ನ ಕೈಯಿಂದ ದಬ್ಬೆಯನ್ನು ತೆಗೆದುಕೊಂಡು, ಜಗಲಿಯ ಮೂಲೆಯಲ್ಲಿ ನಿಲ್ಲಿಸಿ, ಒಳಗೆ ಹೊರಟಿದ್ದ ಸೊಸೆಯನ್ನು ಕೂಗಿದರು.

"ಸುಮಿತ್ರಾ, ಇಲ್ಲೊಂದು ದಬ್ಬೆ ನಿಲ್ಸೀನಿ. ವೆಂಕ್ಟೇಶಂದು. ಒಲೆಗೆ ಹಾಕ್ಬೇಡ."